ಎರೆ ಮಣ್ಣಿನ ದಾರಿಗೆ ಯಾವ ಪೆಡಲ್, ಯಾವ ಬೂಟು?

ಮುಂಗಾರಿನ ಎರಡು ಹದವಾದ ಮಳೆ ಬಿದ್ದ ಮರುದಿನ ನವಲಗುಂದ ಅಥವಾ ಅಣ್ಣಿಗೇರಿ ತಾಲ್ಲೂಕಿನ ಯಾವುದೇ ಹೊಲದ ದಾರಿಗೆ ಹೋದರೂ ಒಂದು ದೃಶ್ಯ ತಪ್ಪದೆ ಕಾಣುತ್ತದೆ. ರೈತರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ನಡೆಯುತ್ತಿರುತ್ತಾರೆ. ಎರೆ ಮಣ್ಣು ಹೆಜ್ಜೆ ಹೆಜ್ಜೆಗೂ ಅಟ್ಟೆಗೆ ಮೆತ್ತಿಕೊಂಡು, ಹತ್ತು ಮಾರು ಹೋಗುವಷ್ಟರಲ್ಲಿ ಕಾಲನ್ನು ಎತ್ತಿಡುವುದೇ ಕಷ್ಟವಾಗುವುದರಿಂದ ಈ ಉಪಾಯ. ಸೈಕಲ್ ಸವಾರನ ಪಾಡು ಇದಕ್ಕಿಂತ ಹೆಚ್ಚಿನದು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಗಟ್ಟಿಯಾಗಿ ತುಂಬಿ ಗಾಲಿ ತಿರುಗದೆ ನಿಂತುಬಿಡುತ್ತದೆ. ಅದನ್ನು ಕೆದರಿ ತೆಗೆಯಲು ಹಿಂದಿನವರು ಕ್ಯಾರಿಯರಿಗೆ ಒಂದು ಕಟ್ಟಿಗೆಯ ತುಂಡನ್ನು ಸಿಕ್ಕಿಸಿಕೊಂಡೇ ಹೊರಡುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಸೈಕಲ್ ಹೆಗಲಿಗೇರುತ್ತಿತ್ತು.

ಇದೇ ದಾರಿಯಲ್ಲಿ ಈಗ ಗೇರುಗಳುಳ್ಳ, ದಪ್ಪ ಟಯರಿನ, ಮುಂಭಾಗದಲ್ಲಿ ಸ್ಪ್ರಿಂಗ್ ಫೋರ್ಕ್ ಇರುವ ಮೌಂಟನ್ ಬೈಕುಗಳು ಓಡಾಡುತ್ತಿವೆ. ಅವುಗಳ ಸವಾರರಲ್ಲಿ ಕೆಲವರು ಅಂಗಡಿಯವರ ಮಾತನ್ನೋ ಮೊಬೈಲಿನ ವಿಡಿಯೊಗಳನ್ನೋ ನಂಬಿ, ಬೂಟಿನ ತಳಕ್ಕೆ ಲೋಹದ ಕೊಂಡಿಯನ್ನು ಬಿಗಿದು ಪೆಡಲಿಗೆ ಸಿಕ್ಕಿಸುವ ಪದ್ಧತಿಗೆ ಹಣ ಹಾಕುತ್ತಿದ್ದಾರೆ. ಪೆಡಲ್ ಮತ್ತು ಬೂಟು ಎರಡೂ ಸೇರಿದರೆ ಹತ್ತು ಸಾವಿರ ರೂಪಾಯಿಯ ಗಡಿ ದಾಟುವುದು ಸಾಮಾನ್ಯ. ಒಣಬೇಸಾಯದ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ಹೀಗಿರುವಲ್ಲಿ ಧಾರವಾಡ ಜಿಲ್ಲೆಯ ಹಳ್ಳಿಗಾಡಿನ ಸವಾರನಿಗೆ ನಿಜವಾಗಿ ಯಾವುದು ಬೇಕು, ವರ್ತಕರು ಯಾವುದನ್ನು ದಾಸ್ತಾನು ಮಾಡಬೇಕು ಎಂಬ ಪ್ರಶ್ನೆ ಕೇವಲ ಹವ್ಯಾಸಿಗಳ ಚರ್ಚೆಯಾಗಿ ಉಳಿದಿಲ್ಲ.

ಸೈಕಲ್ ಈ ಸೀಮೆಗೆ ಹೊಸದಲ್ಲ. ರಬ್ಬರ್ ಕಟ್ಟೆಯ ಪೆಡಲುಗಳಿದ್ದ ಕರಿ ಸೈಕಲ್ಲುಗಳ ಕಾಲ ಮುಗಿದು ದಪ್ಪ ಟಯರಿನವು ಬಂದಾಗ ಹಳ್ಳಿಗಳಲ್ಲಿ ಅವಕ್ಕೆಲ್ಲ ‘ರೇಂಜರ್’ ಎಂಬ ಒಂದೇ ಹೆಸರು ನಿಂತುಬಿಟ್ಟಿತು. 2006-07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿತು. ಕೋವಿಡ್ ವರ್ಷಗಳಲ್ಲಿ ಅದು ನಿಲ್ಲುವವರೆಗೂ ತಾಲ್ಲೂಕು ಕೇಂದ್ರಗಳ ಸಣ್ಣ ರಿಪೇರಿ ಅಂಗಡಿಗಳಿಗೆ ಪೆಡಲ್, ಚೈನು, ಟ್ಯೂಬುಗಳ ವ್ಯಾಪಾರವನ್ನು ಕೊಟ್ಟಿತು. ಇನ್ನೊಂದೆಡೆ ವಿಜಯಪುರ, ಬಾಗಲಕೋಟೆ, ಗದಗಗಳ ಕ್ರೀಡಾ ವಸತಿನಿಲಯಗಳು ಮತ್ತು ಬೆಳಗಾವಿ ಜಿಲ್ಲೆಯ ಚಂದರಗಿಯ ಕ್ರೀಡಾಶಾಲೆ ಉತ್ತರ ಕರ್ನಾಟಕದ ಹಳ್ಳಿಯ ಮಕ್ಕಳನ್ನು ರಾಷ್ಟ್ರಮಟ್ಟದ ಸೈಕ್ಲಿಂಗಿಗೆ ಕಳುಹಿಸಿವೆ. 2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಸ್ಪರ್ಧೆ ಗದಗದ ಗುಡ್ಡಗಳಲ್ಲೇ ನಡೆಯಿತು. ಅಣ್ಣಿಗೇರಿಯಿಂದ ಗದಗಕ್ಕಿರುವ ಅಂತರ ಎಷ್ಟೆಂಬುದು ಓದುಗರಿಗೆ ತಿಳಿದೇ ಇದೆ. ಆದುದರಿಂದ ಈ ತಾಲ್ಲೂಕುಗಳ ತರುಣರು ಆ ಕ್ರೀಡೆಯ ಸಲಕರಣೆಯತ್ತ ಕಣ್ಣು ಹಾಯಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಪೆಡಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಎರಡೂ ಕಡೆ ಸಮತಟ್ಟಾದ ಹಲಗೆಯಂತಿರುವ ಚಪ್ಪಟೆ ಪೆಡಲ್. ಅದರ ಮೇಲೆ ಸಣ್ಣ ಲೋಹದ ಪಿನ್ನುಗಳಿದ್ದು ಅವು ಬೂಟಿನ ರಬ್ಬರ್ ಅಟ್ಟೆಯನ್ನು ಕಚ್ಚಿ ಹಿಡಿಯುತ್ತವೆ. ಇನ್ನೊಂದು ಕೊಂಡಿ ಪೆಡಲ್. ಇಂಗ್ಲಿಷಿನಲ್ಲಿ ಇದಕ್ಕೆ ‘ಕ್ಲಿಪ್‌ಲೆಸ್’, ಅಂದರೆ ಕ್ಲಿಪ್ ಇಲ್ಲದ್ದು, ಎಂಬ ವಿಚಿತ್ರ ಹೆಸರಿದೆ. ಕಾಲು ಪೆಡಲಿಗೆ ಅಂಟಿಕೊಂಡಿರುವಾಗ ಹೀಗೇಕೆಂದು ಹೊಸ ಗ್ರಾಹಕರು ಗೊಂದಲಪಡುತ್ತಾರೆ. ಹಿಂದೆ ಸ್ಪರ್ಧಾ ಸವಾರರು ಬೆರಳುಗಳ ಮೇಲೆ ಬರುವ ಲೋಹದ ಪಂಜರ ಮತ್ತು ಪಟ್ಟಿಯಿಂದ ಕಾಲನ್ನು ಬಿಗಿದುಕೊಳ್ಳುತ್ತಿದ್ದರು. ಆ ಕ್ಲಿಪ್ ಹೋಯಿತಾದ್ದರಿಂದ ಈ ಹೆಸರು ಬಂತು. ಫ್ರಾನ್ಸಿನ ಲುಕ್ ಸಂಸ್ಥೆ ಹಿಮಜಾರಾಟದ ಬೂಟಿನ ಬಂಧಕದ ತತ್ತ್ವವನ್ನು ಸೈಕಲ್ಲಿಗೆ ತಂದಿತು. ಬರ್ನಾರ್ಡ್ ಹಿನಾಲ್ಟ್ 1985ರಲ್ಲಿ ಅಂಥ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದ ಮೇಲೆ ರಸ್ತೆ ಸ್ಪರ್ಧೆಗಳಲ್ಲಿ ಹಳೆಯ ಪಟ್ಟಿಗಳು ಮೂಲೆಗೆ ಸರಿದವು. 1990ರಲ್ಲಿ ಜಪಾನಿನ ಶಿಮಾನೊ ಸಂಸ್ಥೆ ಗುಡ್ಡಗಾಡಿನ ಸವಾರಿಗಾಗಿ ‘ಎಸ್‌ಪಿಡಿ’ ಎಂಬ ಚಿಕ್ಕ ಕೊಂಡಿಯ ಪದ್ಧತಿಯನ್ನು ಹೊರತಂದಿತು. ಎರಡು ತಿರುಪುಗಳಿಂದ ಬಿಗಿಯುವ ಆ ಕೊಂಡಿ ಅಟ್ಟೆಯ ಕುಳಿಯೊಳಗೆ ಅಡಗಿರುವುದರಿಂದ ಬೂಟು ತೊಟ್ಟು ನಡೆಯಲೂ ಬರುತ್ತದೆ.

ಆ ಕುಳಿಯೇ ಎರೆ ಭೂಮಿಯಲ್ಲಿ ತೊಂದರೆಯ ಮೂಲ. ಎರೆ ಮಣ್ಣಿನಲ್ಲಿರುವ ಜೇಡಿ ಕಣಗಳು ನೀರು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಕಲ್ಲಿನಂತಾಗುತ್ತವೆ. ಹತ್ತಿ, ಕಡಲೆ, ಜೋಳಕ್ಕೆ ತೇವವನ್ನು ಹಿಡಿದಿಟ್ಟುಕೊಡುವ ಗುಣವೇ ಬೂಟಿನ ಕುಳಿಯಲ್ಲಿ ಶಾಪವಾಗುತ್ತದೆ. ಸವಾರನು ಒಮ್ಮೆ ಕಾಲು ನೆಲಕ್ಕೂರಿದನೆಂದರೆ ಕೊಂಡಿಯ ಸುತ್ತ ಮಣ್ಣು ಒತ್ತಿ ತುಂಬಿಕೊಳ್ಳುತ್ತದೆ, ಮತ್ತೆ ಪೆಡಲಿಗೆ ಸಿಕ್ಕಿಸಲು ಹೋದರೆ ಅದು ಕೂಡುವುದಿಲ್ಲ. ಕೂಡದಿದ್ದರೆ ಪೆಡಲಿನ ಚಿಕ್ಕ ಲೋಹದ ತುಂಡಿನ ಮೇಲೆ ಗಟ್ಟಿ ಅಟ್ಟೆಯ ಬೂಟು ಜಾರುತ್ತದೆ. ಅರೆಬರೆ ಕೂಡಿತೆಂದರೆ ಇನ್ನೂ ಕೆಟ್ಟದು, ಬೇಕಾದಾಗ ಕಾಲು ಬಿಡಿಸಿಕೊಳ್ಳಲಾಗದೆ ಸವಾರನು ಸೈಕಲ್ ಸಮೇತ ಮಗ್ಗುಲಿಗೆ ಬೀಳುತ್ತಾನೆ. ನಾಲ್ಕು ಕಡೆಯಿಂದಲೂ ಸಿಕ್ಕಿಸಬಹುದಾದ, ಮಣ್ಣನ್ನು ಬೇಗ ಉದುರಿಸುವ ಕೊಂಡಿ ಪೆಡಲುಗಳೂ ಪೇಟೆಯಲ್ಲಿವೆ. ತೆಳು ಕೆಸರಿನಲ್ಲಿ ಅವು ಉತ್ತಮವೆಂಬುದನ್ನು ಒಪ್ಪಬೇಕು. ಆದರೆ ಬೆಣ್ಣಿಹಳ್ಳದ ದಂಡೆಯ ಮಣ್ಣು ತೆಳು ಕೆಸರಲ್ಲ. ಅದು ಕುಂಬಾರನ ಚಕ್ರದ ಮೇಲಿನ ಮುದ್ದೆಯಂಥದ್ದು, ತಾನಾಗಿ ಉದುರುವ ಜಾತಿಯದಲ್ಲ.

ಬೇಸಿಗೆಯಲ್ಲಿ ಚಿತ್ರ ತಲೆಕೆಳಗಾಗುತ್ತದೆ. ಕೆಸರು ಹೋಗಿ ಹಿಟ್ಟಿನಂಥ ದೂಳು ಬರುತ್ತದೆ. ಅದು ಕೊಂಡಿ ಪೆಡಲಿನ ಸ್ಪ್ರಿಂಗಿನೊಳಕ್ಕೆ, ಬೇರಿಂಗಿನೊಳಕ್ಕೆ ಇಳಿಯುತ್ತದೆ. ಎಣ್ಣೆ ಹಾಕಿದರೆ ದೂಳು ಇನ್ನಷ್ಟು ಅಂಟಿಕೊಂಡು ಉಜ್ಜುಕಾಗದದಂತೆ ಲೋಹವನ್ನು ಸವೆಸುತ್ತದೆ. ಕೊಂಡಿ ಸವೆದರೆ ಅದರ ಬದಲಿ ಕುಂದಗೋಳದ ಅಂಗಡಿಯಲ್ಲಿ ಸಿಗುವುದಿಲ್ಲ. ಬೆಂಗಳೂರಿನಿಂದಲೋ ಆನ್‌ಲೈನ್ ಮೂಲಕವೋ ತರಿಸಬೇಕು, ಬರುವವರೆಗೆ ಸೈಕಲ್ ಮೂಲೆಯಲ್ಲಿ ನಿಲ್ಲಬೇಕು. ಹೊಲದಲ್ಲಿ ಬಿರುಕು ಬಿಟ್ಟ ನೆಲದ ಮಾತೂ ಇದೆ. ಮುಂದಿನ ಚಕ್ರ ಬಿರುಕಿನಲ್ಲಿ ಸಿಕ್ಕಿ ತಟ್ಟನೆ ನಿಂತಾಗ ಕಾಲನ್ನು ಕ್ಷಣದಲ್ಲಿ ನೆಲಕ್ಕೂರುವ ಸ್ವಾತಂತ್ರ್ಯ ಸವಾರನಿಗೆ ಬೇಕು. ಚಪ್ಪಟೆ ಪೆಡಲಿನಲ್ಲಿ ಅದು ಸಹಜ. ಕೊಂಡಿಯಲ್ಲಿ ಹಿಮ್ಮಡಿಯನ್ನು ಹೊರಕ್ಕೆ ತಿರುಚಿ ಬಿಡಿಸಿಕೊಳ್ಳುವುದು ಕೈವಶವಾಗಲು ತಿಂಗಳುಗಳ ರೂಢಿ ಬೇಕಾಗುತ್ತದೆ.

ಕಲಘಟಗಿಯ ಸಂಗತಿ ಬೇರೆ. ಅಲ್ಲಿ ಮಲೆನಾಡಿನ ಸೆರಗು ಆರಂಭವಾಗುತ್ತದೆ. ಮಸಾರಿ ಮಣ್ಣು, ಗೊರಚು, ಜಂಬಿಟ್ಟಿಗೆಯ ಕಲ್ಲು, ಕಾಡಿನ ಬೇರು, ಮಳೆಗಾಲದಲ್ಲಿ ಪಾಚಿ ಮತ್ತು ಕೊಳೆತ ಎಲೆ. ಜಿಲ್ಲೆಯಲ್ಲಿ ನಿಜವಾದ ಏರಿಳಿತದ ಸವಾರಿ ಬೇಕೆನ್ನುವವರು ಹೋಗಬೇಕಾದ್ದೂ ಆ ಕಡೆಗೇ. ಅಲ್ಲಿ ಮಣ್ಣು ಅಷ್ಟಾಗಿ ಅಂಟುವುದಿಲ್ಲವಾದ್ದರಿಂದ ಕೊಂಡಿ ಪೆಡಲ್ ಕೆಲಸ ಮಾಡುತ್ತದೆ. ಆದರೂ ಕಡಿದಾದ ಕಡೆ ಇಳಿದು ಸೈಕಲ್ ತಳ್ಳಬೇಕಾದಾಗ ಗಟ್ಟಿ ಪ್ಲಾಸ್ಟಿಕ್ ಅಟ್ಟೆಯ ಸ್ಪರ್ಧಾ ಬೂಟುಗಳು ಒದ್ದೆ ಕಲ್ಲಿನ ಮೇಲೆ ಸಾಬೂನಿನಂತೆ ಜಾರುತ್ತವೆ. ಕಲಘಟಗಿಯ ಸವಾರನಿಗೆ ಕೊಂಡಿಯೇ ಬೇಕೆಂದಿದ್ದರೆ ರಬ್ಬರ್ ತಳದ, ಎರಡು ತಿರುಪಿನ ಕೊಂಡಿಯ ಬೂಟನ್ನೇ ಕೊಡಬೇಕು. ರಸ್ತೆ ಸೈಕಲ್ಲಿನ ಮೂರು ತಿರುಪಿನ ದೊಡ್ಡ ಕೊಂಡಿಯನ್ನು ಮೌಂಟನ್ ಬೈಕಿನ ಗ್ರಾಹಕನಿಗೆ ತೋರಿಸಲೇಬಾರದು.

ಕೊಂಡಿ ಪೆಡಲಿನ ಪರವಾಗಿ ಅಂಗಡಿಗಳಲ್ಲಿ ಹೇಳುವ ಮುಖ್ಯ ಮಾತೆಂದರೆ, ಕಾಲನ್ನು ಮೇಲಕ್ಕೆ ಎಳೆಯುವಾಗಲೂ ಬಲ ಸಿಗುತ್ತದೆ, ಆದ್ದರಿಂದ ಕಡಿಮೆ ದಣಿವಿನಲ್ಲಿ ಹೆಚ್ಚು ದೂರ ಹೋಗಬಹುದು ಎಂಬುದು. ಈ ಮಾತು ಕೇಳಲು ಸರಿ. ಆದರೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. 50ರಿಂದ 150 ವ್ಯಾಟ್ ಶಕ್ತಿಯಲ್ಲಿ, ಅಂದರೆ ಸಾಧಾರಣ ವೇಗದ ಸವಾರಿಯಲ್ಲಿ, ಸಾಮಾನ್ಯ ಓಟದ ಬೂಟು ಹಾಗೂ ಚಪ್ಪಟೆ ಪೆಡಲ್, ಪಟ್ಟಿ ಕಟ್ಟಿದ ಪೆಡಲ್, ಗಟ್ಟಿ ಅಟ್ಟೆಯ ಬೂಟು ಹಾಗೂ ಕೊಂಡಿ ಪೆಡಲ್ ಈ ಮೂರರ ನಡುವೆ ದೇಹ ವ್ಯಯಿಸುವ ಶಕ್ತಿಯಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಕುಂದಗೋಳದಿಂದ ಹುಬ್ಬಳ್ಳಿಗೆ ಹೋಗಿಬರುವವನಾಗಲಿ, ಬೆಳಗಿನ ಹೊತ್ತು ಕಾಲುವೆಯ ದಂಡೆಯ ಮೇಲೆ ಒಂದು ಗಂಟೆ ತುಳಿಯುವವನಾಗಲಿ ಬಹುಪಾಲು ಈ ಶಕ್ತಿಯ ಮಿತಿಯಲ್ಲೇ ಇರುತ್ತಾನೆ. ಅವನಿಗೆ ದಣಿವು ಕಡಿಮೆಯಾಗುತ್ತದೆಂದು ಹೇಳಿ ಕೊಂಡಿ ಪೆಡಲ್ ಮಾರುವುದು ನ್ಯಾಯವಾದ ವ್ಯಾಪಾರವಲ್ಲ.

ಸ್ಪರ್ಧೆಯ ಮಾತು ಬಂದಾಗ ಇನ್ನೊಂದು ಪಕ್ಷಕ್ಕೂ ಸಲ್ಲಬೇಕಾದದ್ದು ಸಲ್ಲಬೇಕು. ಗುಡ್ಡಗಾಡಿನ ಕ್ರಾಸ್ ಕಂಟ್ರಿ ಓಟದಲ್ಲಿ ಅಂತರರಾಷ್ಟ್ರೀಯ ಮಟ್ಟದ ಸವಾರರು ಕೊಂಡಿಯನ್ನೇ ಬಳಸುತ್ತಾರೆ. ನಿಂತು ವೇಗ ಹೆಚ್ಚಿಸುವಾಗ, ಕಲ್ಲಿನ ಮೇಲೆ ಕುಲುಕುವಾಗ ಪೆಡಲಿನಿಂದ ಕಾಲು ಹಾರದಂತೆ ಅದು ಹಿಡಿದಿಡುತ್ತದೆ. ವಸತಿನಿಲಯಕ್ಕೆ ಆಯ್ಕೆಯಾಗಿ ತರಬೇತುದಾರರ ಕಣ್ಣೆದುರಿನಲ್ಲಿ ಅಭ್ಯಾಸ ಮಾಡುವ ಮಕ್ಕಳಿಗೆ ಅದು ಬೇಕು. ಅಲ್ಲೂ ಚಪ್ಪಟೆ ಪೆಡಲಿನಲ್ಲಿ ಎರಡು ವರ್ಷ ತುಳಿದವರಿಗೆ ಸಮತೋಲ ಮತ್ತು ಪಾದದ ಒತ್ತಡದ ಪಾಠ ಚೆನ್ನಾಗಿ ಬಂದಿರುತ್ತದೆ. ಕೊಂಡಿಯ ಮೇಲೆ ಕಲಿತವರು ಜಿಗಿಯುವಾಗ ಸೈಕಲ್ಲನ್ನು ಕಾಲಿನಿಂದ ಎಳೆದೆತ್ತುವ ತಪ್ಪು ರೂಢಿಗೆ ಬೀಳುತ್ತಾರೆ. ಚಪ್ಪಟೆ ಪೆಡಲ್ ಎಂದರೆ ಕಲಿಯುವವರದು ಎಂಬ ತಾತ್ಸಾರಕ್ಕಂತೂ ಆಧಾರವಿಲ್ಲ. ಆಸ್ಟ್ರೇಲಿಯದ ಸ್ಯಾಮ್ ಹಿಲ್ ಚಪ್ಪಟೆ ಪೆಡಲ್ ತುಳಿದೇ ಇಳಿಜಾರು ಓಟದ ವಿಶ್ವ ಪ್ರಶಸ್ತಿಗಳನ್ನು ಪಡೆದು, ಮುಂದೆ 2017, 2018, 2019ರಲ್ಲಿ ಸತತ ಮೂರು ಬಾರಿ ವಿಶ್ವ ಎಂಡ್ಯೂರೊ ಸರಣಿಯನ್ನು ಗೆದ್ದರು.

ಮೊಣಕಾಲಿನ ವಿಚಾರವನ್ನು ಅಂಗಡಿಗಳಲ್ಲಿ ಯಾರೂ ಎತ್ತುವುದಿಲ್ಲ. ಕೊಂಡಿಯನ್ನು ಅಟ್ಟೆಗೆ ಬಿಗಿಯುವಾಗ ತೀರ ಓರೆಯಾದರೆ ಪಾದ ಆ ಓರೆಯಲ್ಲೇ ಸೆರೆಯಾಗಿ, ಒಂದು ಗಂಟೆಯಲ್ಲಿ ನಾಲ್ಕೈದು ಸಾವಿರ ಸಲ ಮೊಣಕಾಲು ತಿರುಚಿಕೊಂಡೇ ಮಡಚಿ ಬಿಚ್ಚುತ್ತದೆ. ಸರಿಯಾಗಿ ಅಳೆದು ಬಿಗಿದುಕೊಡುವ ತಜ್ಞರು ದೊಡ್ಡ ನಗರಗಳಲ್ಲಿದ್ದಾರೆ. ತಾಲ್ಲೂಕಿನಲ್ಲಿ ಆ ಕೆಲಸ ಅಂದಾಜಿನ ಮೇಲೆ ನಡೆಯುತ್ತದೆ. ಚಪ್ಪಟೆ ಪೆಡಲಿನ ಮೇಲೆ ಪಾದ ತನಗೆ ಹಿತವಾದ ಕೋನವನ್ನು ತಾನೇ ಹುಡುಕಿಕೊಳ್ಳುತ್ತದೆ.

ಇನ್ನು ಚಪ್ಪಟೆ ಪೆಡಲನ್ನು ಆರಿಸುವ ಬಗೆ. ಹೊಸ ಸೈಕಲ್ಲುಗಳ ಜೊತೆ ಬರುವ ಅಗ್ಗದ ಪ್ಲಾಸ್ಟಿಕ್ ಪೆಡಲನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅದರ ಮೇಲಿನ ಹಲ್ಲುಗಳು ಅಚ್ಚಿನಲ್ಲೇ ಮೂಡಿದ ಪ್ಲಾಸ್ಟಿಕ್ಕಿನವು, ಒಂದು ಮಳೆಗಾಲದಲ್ಲಿ ನುಣ್ಣಗಾಗುತ್ತವೆ. ಬೇಕಾದದ್ದು ಬಿಚ್ಚಿ ಬದಲಿಸಬಹುದಾದ ಉಕ್ಕಿನ ಪಿನ್ನುಗಳುಳ್ಳದ್ದು. ಪ್ರತಿ ಮಗ್ಗುಲಿಗೆ ಎಂಟು ಹತ್ತು ಪಿನ್ನುಗಳಿದ್ದರೆ ಸಾಕು. ಹಲಗೆ ಸುಮಾರು 100 ಮಿಲಿಮೀಟರ್ ಉದ್ದಗಲದ್ದಾಗಿದ್ದು ನಡುವೆ ತುಸು ತಗ್ಗಾಗಿದ್ದರೆ ಪಾದ ಕುಳಿತುಕೊಳ್ಳುತ್ತದೆ. ಮೈ ಅಲ್ಯೂಮಿನಿಯಮ್ಮಿನದೇ ಆಗಬೇಕೆಂಬ ಹಟ ಬೇಡ. ಗಟ್ಟಿ ನೈಲಾನಿನದು ಕಲ್ಲಿಗೆ ತಾಗಿದರೆ ಬಾಗದೆ ಜಾರಿಕೊಂಡು ಹೋಗುತ್ತದೆ, ಬೆಲೆಯೂ ಒಂದೆರಡು ಸಾವಿರ ರೂಪಾಯಿಯೊಳಗೆ ನಿಲ್ಲುತ್ತದೆ. ಹಲಗೆಯ ನಡುವೆ ದೊಡ್ಡ ಕಿಂಡಿಗಳಿರುವುದು ಎರೆ ಸೀಮೆಯಲ್ಲಿ ಅತ್ಯವಶ್ಯ. ಮೇಲಿನಿಂದ ತುಳಿದ ಮಣ್ಣು ಆ ಕಿಂಡಿಯಿಂದ ಕೆಳಕ್ಕೆ ಹೊರಬೀಳಬೇಕು. ಕಿಂಡಿಯಿಲ್ಲದ ಹಲಗೆ ಎಷ್ಟೇ ಚೆಂದ ಕಂಡರೂ ನವಲಗುಂದದಲ್ಲಿ ಅರ್ಧ ಗಂಟೆಯಲ್ಲಿ ಕುಳ್ಳಿನಂತಾಗುತ್ತದೆ. ರಾತ್ರಿ ಹೆದ್ದಾರಿಯ ಅಂಚಿನಲ್ಲಿ ತುಳಿಯುವವರು ಪೆಡಲಿನ ಹಳದಿ ಪ್ರತಿಫಲಕಗಳನ್ನು ಕಿತ್ತೊಗೆಯಬಾರದು. ಮೇಲೆ ಕೆಳಗೆ ಆಡುವ ಆ ಬೆಳಕಿನಿಂದಲೇ ಹಿಂದಿನ ಲಾರಿಯವನಿಗೆ ಮುಂದಿರುವುದು ಸೈಕಲ್ ಎಂದು ತಿಳಿಯುತ್ತದೆ.

ಪೆಡಲ್ ಹಾಕುವಾಗ ನಡೆಯುವ ತಪ್ಪುಗಳ ಬೆಲೆ ಪೆಡಲಿಗಿಂತ ದೊಡ್ಡದು. ಇಂದಿನ ಬಹುತೇಕ ಸೈಕಲ್ಲುಗಳಲ್ಲಿ ಪೆಡಲಿನ ತಿರುಪು 9/16 ಇಂಚಿನದು. ಕೆಲವು ಮಕ್ಕಳ ಸೈಕಲ್ಲುಗಳಲ್ಲಿ ಅರ್ಧ ಇಂಚಿನದಿರುವುದರಿಂದ ಕೊಳ್ಳುವ ಮೊದಲು ನೋಡಿಕೊಳ್ಳಬೇಕು. ಬಲ ಪೆಡಲಿಗೆ ಸಾಮಾನ್ಯ ತಿರುಪು, ಎಡ ಪೆಡಲಿಗೆ ಉಲ್ಟಾ ತಿರುಪು. ತುಳಿಯುವಾಗ ತಾನಾಗಿ ಸಡಿಲವಾಗದಿರಲೆಂದು ಈ ಏರ್ಪಾಡು. ವಿಮಾನ ಹಾರಿಸುವ ಮೊದಲು ಸೈಕಲ್ ವರ್ತಕರಾಗಿದ್ದ ರೈಟ್ ಸಹೋದರರು 1900ರ ಸುಮಾರಿಗೆ ತಮ್ಮ ಸೈಕಲ್ಲುಗಳಲ್ಲಿ ಇದನ್ನು ಅಳವಡಿಸಿ ಜಾಹೀರಾತು ಕೊಟ್ಟಿದ್ದರೆಂಬುದು ವರ್ತಕ ಸಮುದಾಯಕ್ಕೆ ಹಿತವೆನಿಸುವ ಸಂಗತಿ. ಅಚ್ಚಿನ ತುದಿಯಲ್ಲಿ ‘ಎಲ್’, ‘ಆರ್’ ಎಂಬ ಅಕ್ಷರಗಳಿರುತ್ತವೆ. ಅದನ್ನು ನೋಡದೆ ಎಡದ್ದನ್ನು ಬಲಕ್ಕೆ ಹಾಕಿ ಪಾನಾದಿಂದ ಜಗ್ಗಿದರೆ ಉಕ್ಕಿನ ಅಚ್ಚು ಅಲ್ಯೂಮಿನಿಯಮ್ ಕ್ರ್ಯಾಂಕಿನ ತಿರುಪನ್ನೇ ಕೆತ್ತಿಹಾಕುತ್ತದೆ. ಆಗ ಇಡೀ ಕ್ರ್ಯಾಂಕ್ ಬದಲಿಸಬೇಕು. ನೆನಪಿಗೆ ಸುಲಭವಾದ ಗುರುತು ಹೀಗಿದೆ: ಪಾನಾದ ಹಿಡಿಯನ್ನು ಮೇಲಕ್ಕೆ ನಿಲ್ಲಿಸಿ ಮುಂದಿನ ಚಕ್ರದ ಕಡೆಗೆ ಒತ್ತಿದರೆ ಎರಡೂ ಪೆಡಲುಗಳು ಬಿಗಿಯುತ್ತವೆ, ಹಿಂದಿನ ಚಕ್ರದ ಕಡೆಗೆ ಒತ್ತಿದರೆ ಎರಡೂ ಸಡಿಲವಾಗುತ್ತವೆ. ತಿರುಪಿಗೆ ತುಸು ಗ್ರೀಸ್ ಸವರಿ, ಮೊದಲ ನಾಲ್ಕೈದು ಸುತ್ತನ್ನು ಬೆರಳಿನಿಂದಲೇ ತಿರುಗಿಸಬೇಕು. ಗ್ರೀಸ್ ಇಲ್ಲದೆ ಹಾಕಿದ ಪೆಡಲ್ ಎರಡು ಮಳೆಗಾಲ ಕಳೆದ ಮೇಲೆ ಬಿಚ್ಚಲು ಬರುವುದಿಲ್ಲ.

ಪೆಡಲ್ ಎಷ್ಟೇ ಒಳ್ಳೆಯದಿರಲಿ, ಅದರ ಗುಣ ಅರ್ಧ ಬೂಟಿನಲ್ಲಿದೆ. ಗ್ರಾಹಕರೂ ವರ್ತಕರೂ ಮರೆಯುವುದು ಇದನ್ನೇ. ಪಿನ್ನಿನ ಪೆಡಲ್ ಕೊಂಡು ಹವಾಯಿ ಚಪ್ಪಲಿಯಲ್ಲಿ ತುಳಿದವನ ಮೊಣಕಾಲ ಕೆಳಗಿನ ಎಲುಬಿಗೆ ಆ ಪಿನ್ನುಗಳು ಒಂದು ದಿನ ಗೀರುವುದು ಖಂಡಿತ. ಓಟದ ಬೂಟು ಕೂಡ ಸರಿಯಲ್ಲ. ಅದರ ದಪ್ಪ ಸ್ಪಂಜಿನ ತಳ ಪೆಡಲಿನ ಮೇಲೆ ಬಾಗುತ್ತದೆ, ಅಂಗಾಲು ಬೇಗ ನೋಯುತ್ತದೆ, ತಳದ ಉಬ್ಬು ವಿನ್ಯಾಸದ ನಡುವೆ ಪಿನ್ನುಗಳಿಗೆ ಹಿಡಿತ ಸಿಗುವುದಿಲ್ಲ. ದೊಡ್ಡ ಹಲ್ಲಿನ ಟ್ರೆಕ್ಕಿಂಗ್ ಬೂಟಿಗೂ ಇದೇ ದೋಷ, ಜೊತೆಗೆ ಎರೆ ಮಣ್ಣನ್ನು ಸೇರುಗಟ್ಟಲೆ ಹೊತ್ತು ತರುತ್ತದೆ. ಬೇಕಾದದ್ದು ಸಮತಟ್ಟಾದ, ಮೆದುವಾದ ರಬ್ಬರಿನ, ಕಿರುಗೆರೆಗಳ ಅಟ್ಟೆ. ಒಳಗೆ ತುಸು ಗಟ್ಟಿಯಾದ ಪದರವಿದ್ದು ಮುಂಗಾಲಿನ ಬಳಿ ಮಾತ್ರ ಬಾಗಬೇಕು. ಬೆರಳುಗಳ ಮುಂದೆ ಕಲ್ಲಿನೇಟು ತಾಳುವ ಗಟ್ಟಿ ಮೂತಿ ಇರಬೇಕು. ಹೊರಗಿನ ಬಟ್ಟೆ ನೀರು ಕುಡಿದು ಭಾರವಾಗುವ ದಪ್ಪ ಸ್ಪಂಜಿನದಾಗಿರಬಾರದು. ಲೇಸಿನ ತುದಿಯನ್ನು ಸಿಕ್ಕಿಸಲು ಒಂದು ಪಟ್ಟಿ ಇದ್ದರೆ ಚೈನಿಗೆ ಸಿಕ್ಕುವ ಅಪಾಯ ತಪ್ಪುತ್ತದೆ. ಬಂಡೆ ಹತ್ತುವವರಿಗಾಗಿ ಅಂಟುರಬ್ಬರಿನ ಬೂಟು ಮಾಡುತ್ತಿದ್ದ ಅಮೆರಿಕದ ಫೈವ್ ಟೆನ್ ಸಂಸ್ಥೆ ಅದೇ ರಬ್ಬರನ್ನು ಸೈಕಲ್ ಬೂಟಿಗೆ ಹಾಕಿದಾಗ ಚಪ್ಪಟೆ ಪೆಡಲಿನ ಕಥೆಯೇ ಬದಲಾಯಿತು. 2011ರಲ್ಲಿ ಅಡಿಡಾಸ್ ಆ ಸಂಸ್ಥೆಯನ್ನು ಕೊಂಡುಕೊಂಡಿತು. ಅಂಥ ಬೂಟುಗಳು ಇಲ್ಲಿಯ ಹಳ್ಳಿಯ ಸವಾರನ ಕೈಗೆ ನಿಲುಕುವ ಬೆಲೆಯವಲ್ಲ. ಅವು ಸಿಗದಿದ್ದಲ್ಲಿ ಸಪಾಟು ರಬ್ಬರ್ ತಳದ ಕ್ಯಾನ್ವಾಸ್ ಬೂಟು ಓಟದ ಬೂಟಿಗಿಂತ ಎಷ್ಟೋ ಮೇಲು. ಅಂಗಡಿಯವರು ಗ್ರಾಹಕನಿಗೆ ಇದನ್ನು ಹೇಳಿದರೆ ಒಂದು ಮಾರಾಟ ತಪ್ಪಬಹುದು, ಆದರೆ ಗ್ರಾಹಕ ಉಳಿಯುತ್ತಾನೆ.

ಅಳತೆಯ ತೊಡಕೂ ಇದೆ. ಆನ್‌ಲೈನಿನಲ್ಲಿ ಕೊಳ್ಳುವವರು ಯೂರೋಪಿನ 42 ಎಂದರೆ ಇಲ್ಲಿಯ 8 ಎಂದು ಅಂದಾಜು ಮಾಡಿ ತರಿಸುತ್ತಾರೆ. ಉದ್ದ ಸರಿಹೋಗುತ್ತದೆ, ಅಗಲ ಹಿಡಿಯುವುದಿಲ್ಲ. ಬಾಲ್ಯವೆಲ್ಲ ಬರಿಗಾಲಿನಲ್ಲಿ ಹೊಲ ತಿರುಗಿದವರ ಪಾದದ ಬೆರಳುಗಳು ಹರಡಿಕೊಂಡಿರುತ್ತವೆ. ಸಪೂರ ಅಚ್ಚಿನ ವಿದೇಶಿ ಬೂಟಿನಲ್ಲಿ ಕಿರುಬೆರಳು ಒಂದೇ ವಾರದಲ್ಲಿ ಬೊಬ್ಬೆಯೇಳುತ್ತದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021-22ರಲ್ಲಿ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದು, ಭಾರತೀಯರ ಪಾದ ಅಗಲವೆಂಬುದನ್ನು ಕಂಡುಕೊಂಡು, ‘ಭಾ’ ಎಂಬ ದೇಶೀಯ ಅಳತೆಯ ಪದ್ಧತಿಯನ್ನು ಸೂಚಿಸಿತು. ಬೂಟನ್ನು ಸಂಜೆ ಹೊತ್ತು, ಪಾದ ತುಸು ಉಬ್ಬಿರುವಾಗ, ಸವಾರಿಯಲ್ಲಿ ಹಾಕುವ ಕಾಲುಚೀಲ ತೊಟ್ಟು, ಸಾಧ್ಯವಾದರೆ ಪೆಡಲಿನ ಮೇಲೆ ನಿಂತೇ ನೋಡಿಕೊಳ್ಳಬೇಕು. ಆನ್‌ಲೈನ್ ವ್ಯಾಪಾರ ಕೊಡಲಾಗದ ಸೇವೆ ಇದು. ಹುಬ್ಬಳ್ಳಿಯ ವರ್ತಕರು ಕೊಡಬಲ್ಲರು. ಅಂಗಡಿಯ ಮೂಲೆಯಲ್ಲಿ ಒಂದು ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಒಂದು ಬದಿಗೆ ಪಿನ್ನಿನ ಪೆಡಲ್, ಇನ್ನೊಂದು ಬದಿಗೆ ಕೊಂಡಿ ಪೆಡಲ್ ಹಾಕಿಟ್ಟರೆ ಸಾಕು. “ಅಣ್ಣಾರ, ಇದು ನಮ್ಮ ಹೊಲದ ದಾರ್ಯಾಗ ನಡೀತೈತೇನ್ರಿ?” ಎಂದು ಕೇಳುವ ಹುಡುಗನಿಗೆ ಉತ್ತರ ಅವನ ಕಾಲಿಗೇ ತಿಳಿಯುತ್ತದೆ.

ತೆರಿಗೆಯ ಲೆಕ್ಕವೂ ಈಗ ಈ ದಿಕ್ಕಿಗೇ ಅನುಕೂಲವಾಗಿದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಜೊತೆಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಶೇ. 5, ಅದನ್ನು ಮೀರಿದ್ದಕ್ಕೆ ಶೇ. 18 ಎಂದು ನಿಗದಿಯಾಯಿತು. ಹೊರಗಿನಿಂದ ಬರುವ ಸೈಕಲ್ ಬೂಟುಗಳು ಬಹುತೇಕ ಮೇಲಿನ ವರ್ಗಕ್ಕೆ ಸೇರುತ್ತವೆ. ಅಂದರೆ ಚಪ್ಪಟೆ ಪೆಡಲಿಗೆ ಒಪ್ಪುವ, 2,500 ರೂಪಾಯಿಯೊಳಗಿನ ಬೂಟೊಂದಕ್ಕೆ ಪೇಟೆಯಲ್ಲಿ ಜಾಗ ಖಾಲಿ ಇದೆ.

ಆ ಜಾಗವನ್ನು ಹೊರಗಿನವರೇ ತುಂಬಬೇಕೆಂದೇನಿಲ್ಲ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸೇರಿದವು. ಚರ್ಮವನ್ನು ಅಗಲ ಪಾದಕ್ಕೆ ಕತ್ತರಿಸಿ ಕೈಯಿಂದ ಹೊಲಿಯುವ ಕಸುಬು ಜಿಲ್ಲೆಯಲ್ಲಿದೆ ಎಂಬುದಕ್ಕೆ ಕಾನೂನಿನ ಮುದ್ರೆಯೇ ಇದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಅದೇ ಮಾದರಿಯ ಚಪ್ಪಲಿಯನ್ನು ಮೊದಲು ಮೂಲ ಹೇಳದೆ ಪ್ರದರ್ಶಿಸಿ ಟೀಕೆಗೆ ಗುರಿಯಾದದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದಾರೆ. ಮಿಲಾನಿನ ವೇದಿಕೆಗೆ ಏರಬಲ್ಲ ಕೈಗಳು ಅಣ್ಣಿಗೇರಿಯ ಸವಾರನಿಗೊಂದು ಬೂಟು ಹೊಲಿಯಲಾರವೇ? ಚರ್ಮದ ಮೇಲ್ಮೈ, ಕೈಹೊಲಿಗೆ, ಅಗಲವಾದ ಮೂತಿ ಇಲ್ಲಿಯೇ ಆಗುವ ಕೆಲಸ. ಇಲ್ಲಿಲ್ಲದ್ದು ಮೆದು ರಬ್ಬರಿನ ಅಟ್ಟೆ ಮಾತ್ರ. ಅದನ್ನು ಹಾಳೆಯಾಗಿ ತರಿಸಿಕೊಳ್ಳಬಹುದು. ಮೆದು ರಬ್ಬರ್ ಬೇಗ ಸವೆಯುತ್ತದೆಂಬ ಆಕ್ಷೇಪ ನಿಜ. ವಿದೇಶಿ ಬೂಟಿನಲ್ಲಿ ಅಟ್ಟೆ ಸವೆದರೆ ಬೂಟನ್ನೇ ಎಸೆಯಬೇಕಾಗುತ್ತದೆ. ಹೊಲಿಗೆಯ ಬೂಟಿಗಾದರೆ ಸಂತೆಯ ದಿನ ಕುಳಿತವರೇ ಹೊಸ ಅಟ್ಟೆ ಹೊಲಿದುಕೊಡುತ್ತಾರೆ.

ಇದಕ್ಕೆ ಕಾರ್ಖಾನೆ ಬೇಡ. ವಾಣಿಜ್ಯೋದ್ಯಮ ಸಂಸ್ಥೆಯು ಹುಬ್ಬಳ್ಳಿಯ ನಾಲ್ಕೈದು ಸೈಕಲ್ ವರ್ತಕರನ್ನು, ಪಾದರಕ್ಷೆಯ ಕುಶಲಕರ್ಮಿಗಳನ್ನು, ಒಬ್ಬಿಬ್ಬರು ಸೈಕ್ಲಿಂಗ್ ತರಬೇತುದಾರರನ್ನು ಒಂದು ಮಧ್ಯಾಹ್ನ ಒಂದೆಡೆ ಕೂಡಿಸಿದರೆ ಮೊದಲ ಹೆಜ್ಜೆಯಾಗುತ್ತದೆ. ಪಾದರಕ್ಷೆಗಳ ಗುಣಮಟ್ಟ ನಿಯಂತ್ರಣ ಆದೇಶ ಇಂಥ ಸಣ್ಣ ತಯಾರಕರಿಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಅದೇ ಸಭೆಯಲ್ಲಿ ಮಾನಕ ಬ್ಯೂರೋದ ಅಧಿಕಾರಿಗಳಿಂದ ಕೇಳಿ ತಿಳಿಯಬೇಕು. ನಂತರ ಇಲ್ಲವೆಂದರೆ ಮಾರಾಟಕ್ಕಿಟ್ಟ ಮೇಲೆ ತಾಪತ್ರಯ. 6ರಿಂದ 10ನೆಯ ಅಳತೆಯವರೆಗೆ ಇಪ್ಪತ್ತು ಜೊತೆ ಮಾದರಿ ಬೂಟುಗಳನ್ನು ಬೇಸಿಗೆಯೊಳಗೆ ಹೊಲಿಸಿ, ಮಾರುವ ಮಾತನ್ನು ಬದಿಗಿಟ್ಟು, ಸವಾರರಿಗೆ ಬಳಸಲು ಕೊಡಬೇಕು. ಹತ್ತು ಜೊತೆ ಕಲಘಟಗಿಯ ಕಾಡುದಾರಿಗೆ ಹೋಗಲಿ, ಹತ್ತು ಜೊತೆ ನವಲಗುಂದದ ಕಡೆಗೆ. ಮುಂಗಾರು ಮುಗಿದ ಮೇಲೆ ಅವುಗಳನ್ನು ತರಿಸಿಕೊಂಡು, ತೊಳೆಯದೆ ಮೇಜಿನ ಮೇಲಿಟ್ಟು, ಹೊಲಿಗೆ ಎಲ್ಲಿ ಬಿಚ್ಚಿದೆ, ಅಟ್ಟೆ ಎಲ್ಲಿ ಸವೆದಿದೆ, ಮಣ್ಣು ಎಲ್ಲಿ ಹಿಡಿದಿದೆ ಎಂಬುದನ್ನು ಹೊಲಿದವರೇ ನೋಡಬೇಕು.